ಧರ್ಮಾಮೃತವೂ ಅಂಗಡಿಯ ತಕ್ಕಡಿಯೂ

ಮುಳಗುಂದದ ನಯಸೇನನು ಕ್ರಿ.ಶ. 1112ರಲ್ಲಿ ರಚಿಸಿದ ‘ಧರ್ಮಾಮೃತ’ವನ್ನು ಸಾಮಾನ್ಯವಾಗಿ ಕಥಾಗ್ರಂಥವೆಂದೇ ಪರಿಗಣಿಸಲಾಗುತ್ತದೆ. ಸಮ್ಯಗ್ದರ್ಶನ, ಅದರ ಎಂಟು ಅಂಗಗಳು, ಐದು ಅಣುವ್ರತಗಳು ಎಂಬ ಹದಿನಾಲ್ಕು ರತ್ನಗಳಿಗೆ ಹದಿನಾಲ್ಕು ಆಶ್ವಾಸಗಳು. ಈ ಕೃತಿಯನ್ನು ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತು ಓದಿದರೆ ಅದರ ಹಿರಿಮೆಯೂ ಮಿತಿಯೂ ಒಟ್ಟಿಗೆ ಗೋಚರಿಸುತ್ತವೆ.

ಹಿರಿಮೆಯೆಂದರೆ, ವ್ರತವನ್ನು ಬಸದಿಯಿಂದ ಮನೆಗೂ ಸಂತೆಗೂ ತಂದು ನಿಲ್ಲಿಸಿದ್ದು. ಮಿತಿಯೆಂದರೆ, ವ್ರತ ಪಾಲಿಸಿದವನಿಗೆ ಕಥೆಯ ಕೊನೆಯಲ್ಲಿ ಫಲ ದೊರೆತೇ ತೀರುವುದು. ಓದುಗನು ಪ್ರಾಮಾಣಿಕತೆಯನ್ನೂ ಒಂದು ಬಂಡವಾಳವೆಂದು ಎಣಿಸುವ ಅಪಾಯ ಇಲ್ಲಿದೆ.

‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯ ಇದಕ್ಕಿಂತ ಕಠಿಣವಾದುದು. ಅಚೌರ್ಯಕ್ಕೆ ಅದು ಹೇಳುವ ಅತಿಚಾರಗಳು ಐದು: ಕಳವಿಗೆ ಪ್ರೇರಣೆ, ಕದ್ದ ಮಾಲಿನ ಖರೀದಿ, ರಾಜ್ಯದ ಕಟ್ಟಳೆಯ ಉಲ್ಲಂಘನೆ, ತೂಕ-ಅಳತೆಗಳಲ್ಲಿ ಹೆಚ್ಚುಕಡಿಮೆ, ಕಲಬೆರಕೆ. ಐದೂ ವ್ಯಾಪಾರದ ಮಾತುಗಳೇ. ಫಲದ ಆಮಿಷ ಅಲ್ಲಿಲ್ಲ.

ರೋಣದ ಎರೆಭೂಮಿಯಲ್ಲಿ ಹತ್ತಿ, ಕಡಲೆ, ಶೇಂಗಾ, ಉಳ್ಳಾಗಡ್ಡಿ ಬೆಳೆಯುತ್ತವೆ. ಉತ್ತರ ಕರ್ನಾಟಕದ ಪೇಟೆಗಳಲ್ಲಿ ತೂಕದಲ್ಲಿ ‘ಸೂಟು’ ಹಿಡಿಯುವ ರೂಢಿಯನ್ನು ಅರಿಯದ ರೈತನಿಲ್ಲ. ಕ್ವಿಂಟಲಿಗೆ ಒಂದು ಕಿಲೋ ಹಿಡಿದರೆ ನೂರು ಕ್ವಿಂಟಲಿಗೆ ಒಂದು ಕ್ವಿಂಟಲ್ ಮಾಲು ಬೆಲೆಯಿಲ್ಲದೆ ಕೈಸೇರುತ್ತದೆ. ಸೂಟು ಹಿಡಿಯುವವನು ಆ ಲಾಭದ ಬಲದಿಂದ ಸವಾಲಿನಲ್ಲಿ ಹತ್ತು ರೂಪಾಯಿ ಹೆಚ್ಚು ಕೂಗಬಲ್ಲನು. ಹಿಡಿಯದವನ ದರ ಕಡಿಮೆಯೆನಿಸಿ ರೈತನೇ ಅವನನ್ನು ಬಿಟ್ಟು ನಡೆಯುತ್ತಾನೆ. ಹೀಗೆ ವ್ರತವು ನಷ್ಟವನ್ನು ತಂದಾಗ ಶ್ರಾವಕನು ಏನು ಮಾಡಬೇಕು? ಫಲದ ಕಥೆ ಇಲ್ಲಿ ಮೌನ ವಹಿಸುತ್ತದೆ. ಸೂತ್ರವು ಮಾತ್ರ ವಿನಾಯಿತಿ ಕೊಡುವುದಿಲ್ಲ. ‘ಎಲ್ಲರೂ ಹಿಡಿಯುತ್ತಾರೆ’ ಎಂಬುದು ಪೇಟೆಯ ಉತ್ತರವೇ ಹೊರತು ಧರ್ಮದ ಉತ್ತರವಲ್ಲ.

ನಯಸೇನನೇ ಇಲ್ಲಿ ಇನ್ನೊಂದು ದಾರಿಯಿಂದ ನೆರವಾಗುತ್ತಾನೆ. ಕನ್ನಡದಲ್ಲಿ ಸಂಸ್ಕೃತವನ್ನು ಬೆರೆಸುವುದನ್ನು ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿದ ಕವಿ ಅವನು. ಆದರೂ ಅವನ ಕಾವ್ಯದಲ್ಲಿ ಸಂಸ್ಕೃತ ಸಾಕಷ್ಟಿದೆಯೆಂದು ವಿಮರ್ಶಕರು ತೋರಿಸಿದ್ದಾರೆ. ಕಲಬೆರಕೆಯನ್ನು ಹಳಿದವನ ಕೈಯಲ್ಲೂ ಬೆರಕೆ ನುಸುಳಿತು. ವ್ರತವನ್ನು ಉಚ್ಚರಿಸುವುದಕ್ಕೂ ಪಾಲಿಸುವುದಕ್ಕೂ ನಡುವಿನ ಈ ಅಂತರವೇ ವ್ಯಾಪಾರಿಯ ನಿತ್ಯದ ಪರೀಕ್ಷೆ.

ಈ ಪರೀಕ್ಷೆಯಲ್ಲಿ ಬಸದಿಗಳ ಟ್ರಸ್ಟುಗಳಿಗೂ ಪಾಲಿದೆ. ಹದಿಮೂರನೆಯ ಶತಮಾನದ ಆಶಾಧರನು ‘ಸಾಗಾರಧರ್ಮಾಮೃತ’ದಲ್ಲಿ ಗೃಹಸ್ಥನ ಲಕ್ಷಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗೆ ಹೇಳಿದನು, ಪೂಜೆ, ದಾನಗಳ ಮಾತು ಆಮೇಲಿನದು. ಪೂಜೆಯ ಸವಾಲಿನಲ್ಲಿ ಹೆಚ್ಚು ಕೂಗಿದವನಿಗಷ್ಟೇ ಶಾಲು ಹೊದಿಸುವ ಸಭೆಯು ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಸರಿತೂಕದಿಂದ ಗಳಿಕೆ ಕುಂದಿ ಅಲ್ಪವನ್ನೇ ಕೊಟ್ಟವನನ್ನು ಸಭೆ ಗುರುತಿಸಿದ ದಿನ, ನಷ್ಟವನ್ನು ಸಹಿಸಿಯೂ ವ್ರತ ಕಾಯುವ ಧೈರ್ಯ ಆ ಮನೆಯ ಮಕ್ಕಳಿಗೆ ಬಂದೀತು.