ಕೂತು ನೋಡುವ ಅಂಬೋಲಿ

ಮಳೆ ಹಿಡಿಯಿತೆಂದರೆ ಕಣಗಲಾ, ಸಂಕೇಶ್ವರದ ಬೈಕುಗಳೆಲ್ಲ ಗಡಹಿಂಗ್ಲಜ, ಆಜರಾ ದಾಟಿ ಮಹಾರಾಷ್ಟ್ರದ ಅಂಬೋಲಿಯ ಹಾದಿ ಹಿಡಿಯುತ್ತವೆ. ಮಂಜು, ಜಲಪಾತ, ಕೆಂಡದ ಮೇಲೆ ಸುಟ್ಟ ತೆನೆ. ಬೇಡವೆನ್ನಲಾರೆ. ಆದರೆ ನನ್ನ ಕೇಳಿದರೆ, ಅಂಬೋಲಿಯನ್ನು ಕುಕ್ಕರಗಾಲಲ್ಲಿ ಕೂತು ನೋಡಬೇಕು.

ಅಲ್ಲಿನ ಹಸಿಮಣ್ಣಿನಲ್ಲಿ ಗೆಜೆನಿಯೋಫಿಸ್ ಡ್ಯಾನಿಯೆಲಿ ಇದೆ. ಕಪ್ಪೆಯ ದೂರದ ನೆಂಟ, ಕಾಲಿಲ್ಲದ ಉಭಯವಾಸಿ. ಈ ಗುಂಪಿಗೆ ಸಿಸಿಲಿಯನ್ ಎನ್ನುತ್ತಾರೆ. ವರದ್ ಗಿರಿ, ಮಾರ್ಕ್ ವಿಲ್ಕಿನ್ಸನ್, ಡೇವಿಡ್ ಗೋವರ್ ಸೇರಿ 2003ರಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿದರು. ಹೆಸರು ಮುಂಬೈನ ಹಿರಿಯ ನಿಸರ್ಗತಜ್ಞ ಜೆ.ಸಿ. ಡೇನಿಯಲ್ ಅವರದು. ಸಂಕೇಶ್ವರದ ಮಗ್ಗುಲಲ್ಲಿ ಹರಿಯುವ ನಮ್ಮ ಹಿರಣ್ಯಕೇಶಿ ಹುಟ್ಟುವುದೂ ಅಂಬೋಲಿಯಲ್ಲೇ. ಹಾಗಾಗಿ ಗಡಿಯಾಚೆಯದಾದರೂ ಇದು ನಮ್ಮ ಹೊಳೆಯ ತವರಿನ ಪ್ರಾಣಿ.

ಮೈತುಂಬ ಉಂಗುರ, ಎರೆಹುಳುವೆಂದೇ ಕೈಬಿಡುತ್ತೀರಿ. ಒದ್ದೆ ಅಂಗೈ ಮೇಲೆ ಬಿಟ್ಟುಕೊಳ್ಳಿ. ಎರೆಹುಳು ಸಡಿಲವಾಗಿ ಜೋಲುತ್ತದೆ. ಬೆನ್ನುಮೂಳೆಯುಳ್ಳ ಇದು ಗಟ್ಟಿ ತಲೆಯಿಂದ ಬೆರಳ ಸಂದಿಯನ್ನೇ ಒತ್ತಿ ನುಗ್ಗುತ್ತದೆ. ದವಡೆಯುಂಟು, ಹಲ್ಲುಂಟು. ಕಣ್ಣು ಇದ್ದೂ ಮರೆಯಲ್ಲಿದೆ. ಭೂತಗನ್ನಡಿ ಹಿಡಿದರೆ ಕಣ್ಣು-ಮೂಗಿನ ನಡುವೆ ಎರಡೂ ಕಡೆ ಒಂದೊಂದು ಕಿರು ಮೀಸೆ ಕಂಡೀತು. ಮಣ್ಣಿನ ವಾಸನೆ ಹಿಡಿಯುವ ಈ ಅಂಗ ಸಿಸಿಲಿಯನ್‌ಗಳ ಹೊರತು ಬೇರಾವ ಪ್ರಾಣಿಗೂ ಇಲ್ಲ. ಅದನ್ನು ಕಂಡವನಿಗೆ ಹುಲಿ ಸಫಾರಿ ಸಪ್ಪೆ (ಹುಲಿಪ್ರಿಯರು ಕ್ಷಮಿಸಲಿ).

ನಮ್ಮ ಹಿತ್ತಲಿನ ಹೂಕುಂಡದಲ್ಲಿ ಸಿಗುವ ಕರಿ ದಾರದಂಥದ್ದು ಇದಲ್ಲ. ಅದು ಹುಳಹಾವು, ಉಂಗುರವಿಲ್ಲ, ಮಿರುಗುವ ಹುರುಪೆಗಳಿವೆ, ನಾಲಗೆ ಚಾಚುತ್ತದೆ. ಅದಕ್ಕೂ ವಿಷವಿಲ್ಲ, ಆದರೂ ಎರಡಕ್ಕೂ ಗುದ್ದಲಿ ಏಟು ಒಂದೇ.

ಮಹಾರಾಷ್ಟ್ರಕ್ಕೇ ಹೋಗಬೇಕೆಂದೂ ಇಲ್ಲ. ನಮ್ಮದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಚೋರ್ಲಾ ಭಾಗದಿಂದ ಗೋಪಾಲಕೃಷ್ಣ ಭಟ್ಟ ಮತ್ತು ಸಂಗಡಿಗರು 2007ರಲ್ಲಿ ಗೆಜೆನಿಯೋಫಿಸ್ ಮ್ಹಾದೇಯಿಯೆನ್ಸಿಸ್, 2011ರಲ್ಲಿ ಇಕ್ತಿಯೋಫಿಸ್ ಡೇವಿಡಿ ವರ್ಣಿಸಿದರು. ಎರಡನೆಯದು ಪಶ್ಚಿಮ ಘಟ್ಟದ ಪಟ್ಟೆಯುಳ್ಳ ಸಿಸಿಲಿಯನ್‌ಗಳಲ್ಲೇ ದೊಡ್ಡದು, ಇಕ್ಕೆಲಕ್ಕೂ ಹಳದಿ ಗೆರೆ. ಇಕ್ತಿಯೋಫಿಸ್ ತಾಯಿ ನೀರಿನ ಸಮೀಪದ ಮಣ್ಣಲ್ಲಿ ತತ್ತಿಯಿಟ್ಟು, ಸುತ್ತ ಸಿಂಬಿ ಸುತ್ತಿ ಕಾವಲು ಕೂರುತ್ತದೆ. ಒಡೆದು ಬಂದ ಮರಿ ನೀರಿಗಿಳಿದು ಬೆಳೆದು, ಆಮೇಲೆ ಮಣ್ಣು ಸೇರುತ್ತದೆ.

ನೋಡಹೋಗುವವರು ಅರಣ್ಯ ಇಲಾಖೆಯ ಅನುಮತಿ ಪಡೆದು, ತಿಳಿದವರೊಂದಿಗೆ ಹೋಗಿ. ಸೊಳ್ಳೆ ಮುಲಾಮು ಹಚ್ಚಿದ ಕೈ ಸೋಕಿಸಬೇಡಿ. ಸಿಸಿಲಿಯನ್ ಚರ್ಮದಿಂದಲೂ ಉಸಿರಾಡುತ್ತದೆ. ಕಲ್ಲಿನ ಆಚೆ ಬದಿಯನ್ನು ನಿಮ್ಮ ಕಡೆಗೆ ಎತ್ತಿ. ಚೇಳು, ಮಂಡಲದ ಹಾವಿಗೂ ಅದೇ ಜಾಗ ಇಷ್ಟ. ತತ್ತಿ ಸುತ್ತಿದ ತಾಯಿ ಕಂಡರೆ ಫೋಟೊದ ಆಸೆ ಬಿಟ್ಟು, ಕಲ್ಲನ್ನು ಮೊದಲಿದ್ದ ಅಚ್ಚಿಗೇ ಕೂರಿಸಿ.