ಮಾಘಕಾವ್ಯವೂ ಅರೋಚಕಿಗಳಾದ ವಾಚಕರೂ

ಸಂಸ್ಕೃತ ಕಾವ್ಯಗಳನ್ನು ಕ್ರಮವಾಗಿ ಓದತೊಡಗಿದ ವಿದ್ಯಾರ್ಥಿಯು ಶಿಶುಪಾಲವಧದ ಮೊದಲನೆಯ ಶ್ಲೋಕಕ್ಕೆ ಅನ್ವಯ ಹೇಳುವುದಕ್ಕಿಂತ ಮುಂಚೆಯೇ ಆ ಕಾವ್ಯದ ಯೋಗ್ಯತೆಯನ್ನು ಕುರಿತ ತೀರ್ಪು ಅವನ ಕಿವಿಗೆ ಬಿದ್ದಿರುತ್ತದೆ. ಉಪಮೆಯಲ್ಲಿ ಕಾಳಿದಾಸನೂ, ಅರ್ಥಗೌರವದಲ್ಲಿ ಭಾರವಿಯೂ, ಪದಲಾಲಿತ್ಯದಲ್ಲಿ ದಂಡಿಯೂ ಹೆಚ್ಚಿನವರೆಂದೂ, ಈ ಮೂರು ಗುಣಗಳೂ ಮಾಘನೊಬ್ಬನಲ್ಲೇ ಕೂಡಿವೆಯೆಂದೂ ಸಾರುವ ಆಭಾಣಕವನ್ನು ಅರಿಯದ ಪಾಠಶಾಲೆಯಿಲ್ಲ. ಕನ್ನಡನಾಡಿನಲ್ಲಿಯೂ ಈ ಕವಿಯ ಗೌರವ ಇಂದು ನಿನ್ನೆಯದಲ್ಲ. ಸುಮಾರು 850ರಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಭಾರವಿ ಕಾಳಿದಾಸರೊಡನೆ ಮಾಘನನ್ನೂ ಹೆಸರಿಸಿ ಆದರಿಸಿದೆ. ಇಂತಹ ಕಾವ್ಯವನ್ನು ಓದಿ, ಇದು ರುಚಿಸಲಿಲ್ಲವೆನ್ನುವ ಧೈರ್ಯ ಯಾವ ವಿದ್ಯಾರ್ಥಿಗುಂಟು? ರುಚಿಸದಿದ್ದರೆ ದೋಷವು ತನ್ನ ನಾಲಗೆಯದೆಂದೇ ಅವನು ಎಣಿಸುತ್ತಾನೆ, ಗುರುವಿನೆದುರಿಗೆ ತಲೆದೂಗುತ್ತಾನೆ, ಮುಂದೆ ತಾನೇ ಗುರುವಾದಾಗ ಅದೇ ಆಭಾಣಕವನ್ನು ಶಿಷ್ಯರಿಗೆ ಒಪ್ಪಿಸುತ್ತಾನೆ. ಹೀಗೆ ಯಾರೂ ಸವಿಯದ ಸವಿಯೊಂದು ಬಾಯಿಂದ ಬಾಯಿಗೆ ಸಾಗುವುದು ಸಾಧ್ಯವಾಗುತ್ತದೆ.

ಅರುಚಿಗೆ ಕಾರಣವಿಲ್ಲದೆ ಇಲ್ಲ. ಕಾವ್ಯದ ವಸ್ತುವು ಮಹಾಭಾರತದ ಸಭಾಪರ್ವದ್ದು. ಯುಧಿಷ್ಠಿರನ ರಾಜಸೂಯದಲ್ಲಿ ಕೃಷ್ಣನಿಗೆ ಅಗ್ರಪೂಜೆ ಸಂದದ್ದು, ಶಿಶುಪಾಲನು ಸಿಡಿದು ನಿಂದಿಸಿದ್ದು, ಚಕ್ರದಿಂದ ಹತನಾದದ್ದು, ಇಷ್ಟೇ ಕಥೆ. ಇದನ್ನು ಮಾಘನು 20 ಸರ್ಗಗಳಿಗೆ ಹಿಗ್ಗಿಸಿದ್ದಾನೆ. ದ್ವಾರಕೆಯಿಂದ ಹೊರಟ ಕೃಷ್ಣನು 4ನೆಯ ಸರ್ಗದಲ್ಲಿ ರೈವತಕ ಪರ್ವತವನ್ನು ಕಾಣುತ್ತಾನೆ. ಅಲ್ಲಿಂದ 11ನೆಯ ಸರ್ಗದವರೆಗೆ ಗಿರಿವರ್ಣನೆ, ಸೇನೆಯ ಬೀಡು, ಋತುಗಳು, ಪುಷ್ಪಾಪಚಯ, ಜಲಕ್ರೀಡೆ, ಸಂಧ್ಯೆ, ಚಂದ್ರೋದಯ, ಮಧುಪಾನ, ಪ್ರಭಾತ ಇವುಗಳ ವರ್ಣನೆ ಸಾಲುಗಟ್ಟಿ ಬರುತ್ತದೆ. ಎಂಟು ಸರ್ಗಗಳ ಕಾಲ ಶಿಶುಪಾಲನೂ ಇಲ್ಲ, ರಾಜಸೂಯವೂ ಇಲ್ಲ. ಯುದ್ಧವು ಕೊನೆಗೂ ಒದಗಿತೆನ್ನುವಾಗ 19ನೆಯ ಸರ್ಗದಲ್ಲಿ ಚಿತ್ರಬಂಧಗಳು ಅಡ್ಡ ನಿಲ್ಲುತ್ತವೆ. ದಕಾರವೊಂದನ್ನೇ ವ್ಯಂಜನವಾಗಿ ಉಳ್ಳ ಶ್ಲೋಕ, ಯಾವ ದಿಕ್ಕಿನಿಂದ ಓದಿದರೂ ಒಂದೇ ಆಗುವ ಸರ್ವತೋಭದ್ರ ಮೊದಲಾದುವನ್ನು ಬಿಡಿಸುತ್ತ ಕುಳಿತ ವಾಚಕನಿಗೆ ರಣರಂಗವೇ ಮರೆತುಹೋದರೆ ಅವನ ತಪ್ಪೇನು?

ರುಚಿಸದವನನ್ನು ಅರಸಿಕನೆಂದು ತಳ್ಳಿಬಿಡುವುದು ಸುಲಭ. ಆದರೆ ಪ್ರಾಚೀನರು ಹಾಗೆ ತಳ್ಳಲಿಲ್ಲ. ಸುಮಾರು 900ರಲ್ಲಿದ್ದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಭಾವಕರನ್ನು, ಎಂದರೆ ವಿಮರ್ಶಕರನ್ನು, ನಾಲ್ಕು ಬಗೆಯಾಗಿ ಎಣಿಸಿರುವನು. ಏನನ್ನು ಬಡಿಸಿದರೂ ರುಚಿಹತ್ತದ ಅರೋಚಕಿ, ಅನ್ನದೊಡನೆ ಹುಲ್ಲನ್ನೂ ತಿಂದು ತೇಗುವ ಸತೃಣಾಭ್ಯವಹಾರಿ, ಹೊಟ್ಟೆಕಿಚ್ಚಿನ ಮತ್ಸರಿ, ತತ್ತ್ವವನ್ನರಸುವ ತತ್ತ್ವಾಭಿನಿವೇಶಿ. ಕಡೆಯವನು ಅತಿ ವಿರಳ. ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಅರೋಚಕಿಯ ಅರುಚಿಯಲ್ಲಿ ಎರಡು ವಿಧ. ಒಂದು ಹುಟ್ಟಿನಿಂದ ಬಂದದ್ದು. ನೂರು ಸಂಸ್ಕಾರ ಮಾಡಿದರೂ ಹೋಗದ ತವರದ ಕಪ್ಪಿನಂತಹದು. ಇನ್ನೊಂದು ಜ್ಞಾನದಿಂದ ಹುಟ್ಟಿದ್ದು. ಉತ್ತಮವಾದ ಉಕ್ತಿ ಕಂಡೊಡನೆ ಅದು ತಾನಾಗಿ ರುಚಿಯಾಗಿ ತಿರುಗುವುದು. ಹಾಗಾದರೆ ಮಾಘನೆಂದೊಡನೆ ಓದದೆಯೇ ಕೈಮುಗಿಯುವವನನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕು? ಸತೃಣಾಭ್ಯವಹಾರಿಗಳ ಪಂಕ್ತಿಯ ಹೊರತು ಅವನಿಗೆ ಬೇರೆ ಎಡೆಯಿಲ್ಲ.

ದೊಡ್ಡವರ ಕಾವ್ಯದಲ್ಲಿ ದೋಷವೆಣಿಸುವುದು ಅವಿನಯವಲ್ಲವೆ ಎಂದು ಕೆಲವರು ಆಕ್ಷೇಪಿಸುವರು. ಈ ಆಕ್ಷೇಪಕ್ಕೆ ಬಲವಾದ ಆಸರೆಯೂ ಉಂಟು. ಸಾವಿರಾರು ಸೂಕ್ತಿಗಳಿಂದ ಬೆಳಗಿದ ಮಹಾತ್ಮರ ದೋಷವನ್ನು ಡಂಗುರ ಹೊಡೆಯುವುದು ಹೊಡೆಯುವವನಿಗೇ ದೂಷಣವಾಗುವುದೆಂದು 9ನೆಯ ಶತಮಾನದ ಆನಂದವರ್ಧನಾಚಾರ್ಯನೇ ಧ್ವನ್ಯಾಲೋಕದಲ್ಲಿ ಬರೆದಿದ್ದಾನೆ. ಆದರೆ ಆಚಾರ್ಯನು ದೋಷವೇ ಇಲ್ಲವೆಂದು ಹೇಳಲಿಲ್ಲ; ಇದೆ, ಬಿಡಿಸಿ ತೋರಿಸುವುದಿಲ್ಲ ಎಂದನು. ಅಷ್ಟೇ ಅಲ್ಲ, ಪಾರ್ವತೀಪರಮೇಶ್ವರರ ಸಂಭೋಗವನ್ನು ಕುಮಾರಸಂಭವದಲ್ಲಿ ವರ್ಣಿಸಿದ್ದು ಅನುಚಿತವೆಂದೂ, ಕವಿಯ ಶಕ್ತಿಯಿಂದ ಆ ಅನೌಚಿತ್ಯವು ಮರೆಯಾಯಿತೆಂದೂ ಅವನೇ ಒಪ್ಪಿರುವನು. 11ನೆಯ ಶತಮಾನದ ಕ್ಷೇಮೇಂದ್ರನು ಔಚಿತ್ಯವಿಚಾರಚರ್ಚೆಯಲ್ಲಿ ಕಾಳಿದಾಸನನ್ನೂ ಬಿಡಲಿಲ್ಲ. ಮಮ್ಮಟನ ಕಾವ್ಯಪ್ರಕಾಶದ 7ನೆಯ ಉಲ್ಲಾಸವು ಪೂರ್ತಿ ದೋಷಪ್ರಕರಣವೇ. ಶ್ರೀಹರ್ಷನು ನೈಷಧವನ್ನು ತಂದು ತೋರಿಸಿದಾಗ, ಮೊದಲೇ ದೊರೆತಿದ್ದರೆ ದೋಷಗಳ ಉದಾಹರಣೆಗೆ ಊರೂರು ಅಲೆಯುವ ಶ್ರಮ ತಪ್ಪುತ್ತಿತ್ತೆಂದು ಮಮ್ಮಟನು ನುಡಿದನೆಂಬ ಐತಿಹ್ಯವು ಸತ್ಯವಿರಲಿ ಇಲ್ಲದಿರಲಿ, ಪಂಡಿತರು ಅದನ್ನು ನಗುತ್ತ ಹೇಳಿಕೊಂಡು ಬಂದದ್ದಂತೂ ಸತ್ಯ. ವಿನಯವೂ ವಿಮರ್ಶೆಯೂ ಒಂದೇ ಮನೆಯಲ್ಲಿ ಬಾಳಿದುವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಮಾಘನ ವಿಷಯದಲ್ಲಿ ಆನಂದವರ್ಧನನ ಒರೆಗಲ್ಲನ್ನೇ ಹಿಡಿಯಬಹುದು. ರಸಕ್ಕೆ ವಿರೋಧವಾಗುವ ಸಂಗತಿಗಳನ್ನು ಎಣಿಸುವಾಗ ಅವನು, ಪ್ರಕೃತಕ್ಕೆ ಸಂಬಂಧಪಟ್ಟದ್ದೇ ಆದರೂ ಬೇರೊಂದು ವಸ್ತುವನ್ನು ಅತಿವಿಸ್ತಾರವಾಗಿ ವರ್ಣಿಸುವುದನ್ನು ಸೇರಿಸುತ್ತಾನೆ. ಅದಕ್ಕೆ ಅವನು ಕೊಡುವ ನಿದರ್ಶನ, ನಾಯಕನ ವಿರಹವನ್ನು ಹೇಳಹೊರಟ ಕವಿಯು ಯಮಕಾದಿಗಳ ಮೋಹದಿಂದ ಪರ್ವತವರ್ಣನೆಯಲ್ಲಿ ಮುಳುಗಿಹೋಗುವುದು. ಮಾಘನ 4ನೆಯ ಸರ್ಗವು ಯಮಕಗಳಿಂದ ತುಂಬಿದ ಪರ್ವತವರ್ಣನೆಯೇ! ವಿರಹದ ಬದಲಿಗೆ ಇಲ್ಲಿ ವೀರರಸ, ಅಷ್ಟೇ ಭೇದ. ಬರಿಯ ಚಿತ್ರವು ಕಾವ್ಯವಲ್ಲ, ಕಾವ್ಯದ ಅನುಕರಣವೆಂದೂ ಅದೇ ಆಚಾರ್ಯನ ಮತ. ಆದಕಾರಣ ಕಥೆ ನಿಂತಿತೆಂದೂ 19ನೆಯ ಸರ್ಗ ಶುಷ್ಕವೆಂದೂ ದೂರುವ ವಿದ್ಯಾರ್ಥಿಯು ತನಗರಿಯದೆಯೇ ಧ್ವನ್ಯಾಲೋಕದ ಪಕ್ಷದಲ್ಲಿರುವನು.

ಹೀಗಿರಲು ಮಾಘನಿಗೆ ಇಷ್ಟು ಪ್ರತಿಷ್ಠೆ ಹೇಗೆ ಬಂದಿತು? ಅವನ ಒಂಬತ್ತು ಸರ್ಗಗಳನ್ನು ಮುಗಿಸಿದವನಿಗೆ ಹೊಸ ಶಬ್ದವೇ ಉಳಿಯದೆಂಬ ಇನ್ನೊಂದು ಮಾತು ಇದಕ್ಕೆ ಉತ್ತರ ಹೇಳುತ್ತದೆ. ಇದು ಕೋಶದ ಹೊಗಳಿಕೆ, ಕಾವ್ಯದ್ದಲ್ಲ. ವ್ಯಾಕರಣ, ಅಲಂಕಾರ, ರಾಜನೀತಿ, ದರ್ಶನ ಎಲ್ಲವನ್ನೂ ಒಂದೇ ಗ್ರಂಥದಿಂದ ಕಲಿಸಬಯಸುವ ಉಪಾಧ್ಯಾಯನಿಗೆ ಮಲ್ಲಿನಾಥನ ವ್ಯಾಖ್ಯಾನದೊಡನೆ ಮಾಘಕಾವ್ಯವು ಅಕ್ಷಯಪಾತ್ರೆ. ಆದರೆ ಪಠ್ಯವಾಗಿ ಉಪಯೋಗ, ಕಾವ್ಯವಾಗಿ ಸೊಗಸು ಇವೆರಡೂ ಬೇರೆ ಬೇರೆ. ವ್ಯಾಖ್ಯಾನದಿಂದಲೇ ತಿಳಿಯಬೇಕಾದ ಕಾವ್ಯವು ಶಾಸ್ತ್ರಕ್ಕೆ ಸಮಾನ, ಅದು ಬುದ್ಧಿವಂತರಿಗಷ್ಟೇ ಹಬ್ಬವೆಂದು ಭಾಮಹನು ಹಿಂದೆಯೇ ಮರುಗಿದ್ದಾನೆ.

ಆದರೂ ಅರುಚಿಯೆಲ್ಲವೂ ವಿಮರ್ಶೆಯಾಗದು. ಪರೀಕ್ಷೆಗೆ ಗೊತ್ತುಮಾಡಿದ ಒಂದೆರಡು ಸರ್ಗಗಳನ್ನು ಓದಿ, ಬೈಗುಳವನ್ನು ತಿಂದು, ಮಾಘನನ್ನು ದ್ವೇಷಿಸುವವನು ದ್ವೇಷಿಸುತ್ತಿರುವುದು ತರಗತಿಯನ್ನು, ಕವಿಯನ್ನಲ್ಲ. 2ನೆಯ ಸರ್ಗವನ್ನು ತೆರೆದು ನೋಡಬೇಕು. ಶಿಶುಪಾಲನ ಮೇಲೆ ಈಗಲೇ ದಂಡೆತ್ತಬೇಕೆಂದು ಕುದಿಯುವ ಬಲರಾಮ, ಮೊದಲು ಯಜ್ಞಕ್ಕೆ ಹೋಗುವುದು ಲೇಸೆಂದು ತಣ್ಣಗೆ ವಾದಿಸುವ ಉದ್ಧವ, ಇಬ್ಬರನ್ನೂ ಆಲಿಸುವ ಕೃಷ್ಣ. ಅಲ್ಲಿ ಮಾತೇ ಕಾರ್ಯವಾಗಿದೆ. 11ನೆಯ ಸರ್ಗದ ಪ್ರಭಾತವು ಕಥೆಗೆ ಅಡ್ಡವಾದರೂ ತಾನಾಗಿ ನಿಲ್ಲಬಲ್ಲದು. ಒಂದು ಬದಿಗೆ ಸೂರ್ಯ, ಇನ್ನೊಂದು ಬದಿಗೆ ಚಂದ್ರ ಇರಲು ರೈವತಕವು ಎರಡು ಗಂಟೆಗಳು ಜೋಲುವ ಆನೆಯಂತೆ ತೋರಿತೆಂಬ ಒಂದೇ ಕಲ್ಪನೆಯಿಂದ ಕವಿಗೆ ಘಂಟಾಮಾಘನೆಂಬ ಬಿರುದು ಬಂದದ್ದು ಸುಮ್ಮನೆಯಲ್ಲ. ಆ ಶ್ಲೋಕವಿರುವುದೂ ಮೇಲೆ ಆಕ್ಷೇಪಿಸಿದ 4ನೆಯ ಸರ್ಗದಲ್ಲೇ. ಧ್ವನ್ಯಾಲೋಕದಲ್ಲಿ ಮಾಘನ ಶ್ಲೋಕಗಳು ಉದಾಹೃತವಾಗಿರುವುದನ್ನೂ ಮರೆಯಬಾರದು. ಒಟ್ಟಿನಲ್ಲಿ ಪ್ರಬಂಧವಾಗಿ ಶಿಶುಪಾಲವಧವು ಸಡಿಲ. ಬಿಡಿ ಮುಕ್ತಕಗಳಾಗಿ ಹಲವೆಡೆ ಅನರ್ಘ್ಯ. ಈ ವಿವೇಕವು ಬರಬೇಕಾದರೆ ಮೊದಲು ರುಚಿಸದ್ದನ್ನು ರುಚಿಸಲಿಲ್ಲವೆನ್ನಲು ಎಡೆಯಿರಬೇಕು.

ಮೆಚ್ಚಿಕೆಯನ್ನು ಆಜ್ಞಾಪಿಸಿದಲ್ಲಿ ಎರಡು ನಷ್ಟಗಳಾಗುವುವು. ವಿದ್ಯಾರ್ಥಿಯು ತನ್ನ ನಾಲಗೆಯನ್ನೇ ನಂಬದವನಾಗಿ, ಬಳಿಕ ಕಾಳಿದಾಸನನ್ನು ಓದಿದಾಗಲೂ ಅನ್ಯರ ಮುಖವನ್ನೇ ನೋಡುವನು. ಕಾವ್ಯವೂ ನಮಸ್ಕಾರಗಳ ನಡುವೆ ಓದುಗರಿಲ್ಲದೆ ಒಣಗುವುದು. ಉಪಾಧ್ಯಾಯರು ಆ ಆಭಾಣಕವನ್ನು ಪಾಠದ ಮೊದಲಿಗಲ್ಲದೆ ಕೊನೆಗೆ ಹೇಳಿ, ಯಾವ ಶ್ಲೋಕ ಹಿಡಿಸಲಿಲ್ಲ, ಏತಕ್ಕೆ ಹಿಡಿಸಲಿಲ್ಲವೆಂದು ಶಿಷ್ಯನನ್ನು ಕೇಳಿದರೆ, ಅವನು ಗ್ರಂಥವನ್ನು ಇನ್ನೊಮ್ಮೆ ತೆರೆದೇ ಉತ್ತರ ಕೊಡಬೇಕಾಗುವುದು. ಮಾಘನಿಗೆ ಸಲ್ಲತಕ್ಕ ಗೌರವವೂ ಅದೇ.