ಮುಖವಿಲ್ಲದ ಫ್ರಾಂಕನ್‌ಸ್ಟೈನ್

2022ರ ನವೆಂಬರಿನಲ್ಲಿ, ವಿಶ್ವಕಪ್ಪಿಗೆ ಮುಂಚೆ, ಕತಾರ್ ಸೆಂಟ್ರಲ್ ಬ್ಯಾಂಕ್ 22 ರಿಯಾಲಿನ ನೋಟು ತಂದಿದ್ದು ದೋಹಾದವರಿಗೆ ನೆನಪಿರಬೇಕು. ಮಾರಿದ್ದು 75 ರಿಯಾಲಿಗೆ! ಅಷ್ಟು ಕೊಟ್ಟವರು ಅದನ್ನು ಕಿರಾಣಿ ಅಂಗಡಿಯಲ್ಲಿ ಖರ್ಚು ಮಾಡ್ತಾರಾ? ತೆಗೆದಿಡೋಕೆ ಅಂತಲೇ ಅಚ್ಚಾದ ದುಡ್ಡು ಅದು. ಸ್ಮರಣಾರ್ಥ ನಾಣ್ಯಗಳೂ ಹೆಚ್ಚಾಗಿ ಹೀಗೇ. ಅಂಥವುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು, ಜೊತೆಗೆ ಸಿಟ್ಟು ತರಿಸಿದ್ದು, ಬ್ರಿಟನ್ನಿನ ರಾಯಲ್ ಮಿಂಟ್ 2018ರಲ್ಲಿ ತಂದ ‘ಫ್ರಾಂಕನ್‌ಸ್ಟೈನ್’ ನಾಣ್ಯ. ಎರಡು ಪೌಂಡಿನದು.

ಗಾಥಿಕ್ ಸಾಹಿತ್ಯ ಅಂದರೆ ಪಾಳು ಕೋಟೆ, ಹೆಣ, ಕತ್ತಲೆ, ಬೆನ್ನಟ್ಟಿ ಬರುವ ಪಾಪ. ಮೇರಿ ಶೆಲ್ಲಿಯ ಈ ಕಾದಂಬರಿ 1818ರಲ್ಲಿ ಬಂದಾಗ ಅಚ್ಚಾದದ್ದು ಬರೀ 500 ಪ್ರತಿ. ಪುಸ್ತಕದ ಮೇಲೆ ಅವಳ ಹೆಸರೂ ಇರಲಿಲ್ಲ. ಇನ್ನೂರು ವರ್ಷದ ಮೇಲೆ ನಾಣ್ಯದಲ್ಲಿ ಆ ಹೆಸರು ಇದೆ. ಅಷ್ಟು ಮಟ್ಟಿಗೆ ನ್ಯಾಯ ಸಿಕ್ಕಿತು ಅನ್ನಿ.

ವಿನ್ಯಾಸ ಥಾಮಸ್ ಡೊಚರ್ಟಿ ಅವರದು. 1931ರ ಸಿನಿಮಾದ ಬೋರಿಸ್ ಕಾರ್ಲಾಫ್ ಇದಾನಲ್ಲ, ಚಪ್ಪಟೆ ತಲೆ, ಕುತ್ತಿಗೆಗೆ ಬೋಲ್ಟು, ಅವನನ್ನು ಕೂರಿಸೋದು ಸುಲಭವಿತ್ತು. ಡೊಚರ್ಟಿ ಮುಖವನ್ನೇ ಬಿಟ್ಟರು. ‘ಫ್ರಾಂಕನ್‌ಸ್ಟೈನ್’ ಅನ್ನೋ ಒಂದೇ ಪದ, ಇಸಿಜಿ ಗೆರೆ ಎದ್ದುಬೀಳೋ ಹಾಗೆ ಚೂಪುಚೂಪಾದ ಅಕ್ಷರಗಳಲ್ಲಿ. ಹೆಣಕ್ಕೆ ಜೀವ ಬಂದ ಕ್ಷಣ ಮಾತ್ರ ಕಾಣುತ್ತೆ, ಹೆಣ ಕಾಣಲ್ಲ. ಇನ್ನೊಂದು ಸಂಗತಿ: ಫ್ರಾಂಕನ್‌ಸ್ಟೈನ್ ಅನ್ನೋದು ಸೃಷ್ಟಿಸಿದವನ ಹೆಸರು. ಸೃಷ್ಟಿಯಾದವನಿಗೆ ಕಾದಂಬರಿಯಲ್ಲಿ ಹೆಸರೇ ಇಲ್ಲ. ನಾಣ್ಯದಲ್ಲೂ ಅವನು ಇಲ್ಲ. ಪುಸ್ತಕ ಓದಿದವರಿಗೆ ಆ ಖಾಲಿ ಜಾಗ ತಟ್ಟುತ್ತೆ.

ಸಿಟ್ಟು ಬೇರೆ ಕಾರಣಕ್ಕೆ. ಈ ನಾಣ್ಯವನ್ನು ಚಲಾವಣೆಗೆ ಬಿಡಲೇ ಇಲ್ಲ, ಸಂಗ್ರಹಕಾರರಿಗೆ ಪ್ಯಾಕ್ ಮಾಡಿ ಮಾರಿದರು. ಕತೆಯಲ್ಲಿ ಆ ಜೀವಿಯ ಗೋಳೇನು? ಯಾರೂ ಹತ್ತಿರ ಸೇರಿಸಲ್ಲ ಅನ್ನೋದು. ಅವನ ನೆನಪಿನ ನಾಣ್ಯವನ್ನೂ ಜನರ ಕೈಗೆ ಕೊಡಲಿಲ್ಲ. ಇದು ವ್ಯಂಗ್ಯ ಅಂತ ಯಾರೂ ಯೋಚಿಸಿ ಮಾಡಿದ್ದಲ್ಲ, ಬರೀ ವ್ಯಾಪಾರ.

ನಮ್ಮಲ್ಲಿ ಇಂಥದ್ದೇನಿದೆ ಅಂತ ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಕೇಳಬಹುದು. ಬೆಂಗಳೂರಲ್ಲಿ ತೊಂಬತ್ತರ ದಶಕದಲ್ಲಿ ಮನೆಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದರಲ್ಲ, ಅಪ್ಪ ಅಮ್ಮನನ್ನು ಕೇಳಿ ನೋಡಿ. ರಾತ್ರಿ ಪರಿಚಿತರ ದನಿಯಲ್ಲಿ ಕರೆಯೋ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತೆ, ಮರುದಿನ ಬಂದು ಮತ್ತೆ ಓದುತ್ತೆ. ಅಲ್ಲೂ ಮುಖವಿಲ್ಲ, ಅಕ್ಷರ ಮಾತ್ರ. ಭಾರತದ ಟಂಕಸಾಲೆ ಎಂದಾದರೂ ಅದನ್ನು ನಾಣ್ಯ ಮಾಡಿದರೆ ದೆವ್ವದ ಚಿತ್ರ ಹಾಕೋದು ಬೇಡ. ಒಂದು ಬಾಗಿಲು, ಎರಡು ಪದ ಸಾಕು. ಮಖಮಲ್ ಡಬ್ಬಿಯೂ ಬೇಡ. ಬಿಎಂಟಿಸಿ ಕಂಡಕ್ಟರ್ ಚಿಲ್ಲರೆ ಕೊಡುವಾಗ ಕೈಗೆ ಬರಲಿ.